ಕಾಲೇಜು ಬಿಟ್ಟ ಹುಡುಗ, ಊರಿಗೆಲ್ಲ ವಿಜ್ಞಾನ ಹೇಳಿದ ಕಾರಂತಜ್ಜ

ಮಂಗಳೂರು: ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುವವರಿಗೆ ವಿಶ್ವವಿದ್ಯಾನಿಲಯ ಕಾಲೇಜಿನ ಗೇಟು ಹೊಸತಲ್ಲ. ಒಳಗೆ ಹಳೇ ಕಟ್ಟಡ, ರವೀಂದ್ರ ಕಲಾಭವನ, ದೊಡ್ಡ ಮರಗಳು. ಸೌರಶಕ್ತಿ, ಭತ್ತದ ತಳಿ, ಪಶ್ಚಿಮ ಘಟ್ಟ, ಕಡಲ್ಕೊರೆತ ಹೀಗೆ ಏನಾದರೊಂದು ವಿಷಯದ ಮೇಲೆ ವಿಚಾರ ಸಂಕಿರಣ ಇಲ್ಲೋ, ಕೊಣಾಜೆಯ ಮಂಗಳಗಂಗೋತ್ರಿಯಲ್ಲೋ, ಎಕ್ಕೂರಿನ ಮೀನುಗಾರಿಕಾ ಕಾಲೇಜಿನಲ್ಲೋ ನಡೆಯುತ್ತಾ ಇರುತ್ತದೆ. ಕರೆಯೋಲೆಯ ಕೊನೆಗೆ ಸರ್ವರಿಗೂ ಸ್ವಾಗತ ಅಂತ ಇರುತ್ತದೆ. ಬಸ್ಸಿಗೆ ಕಾಯುವವರಲ್ಲಿ ಒಳಗೆ ಹೋಗುವವರು ಎಷ್ಟು ಜನ ಅನ್ನುವುದು ಬೇರೆ ಮಾತು.

ಸುಮಾರು ನೂರು ವರ್ಷದ ಹಿಂದೆ ಇದೇ ಕಾಲೇಜಿನಿಂದ ಒಬ್ಬ ಹುಡುಗ ಹೊರಗೆ ನಡೆದು ಹೋದ. ಪರೀಕ್ಷೆಗೆ ಕೂರಲಿಲ್ಲ, ಪದವಿ ಪಡೆಯಲಿಲ್ಲ. ಮುಂದೆ ಅವನು ಬಸ್ಸಿಗೆ ಕಾಯುವವರಿಗೂ ತಲುಪುವ ಹಾಗೆ ಕನ್ನಡದಲ್ಲಿ ವಿಜ್ಞಾನ ಬರೆದ. ಇಳಿವಯಸ್ಸಿನಲ್ಲಿ ಅಣುಸ್ಥಾವರದ ವಿರುದ್ಧ ಚುನಾವಣೆಗೇ ನಿಂತ. ಇವತ್ತು ಕೊಣಾಜೆಯಲ್ಲಿ ಅವರ ಹೆಸರಿನ ಪೀಠ ಉಂಟು. ವಾಮಂಜೂರಿನ ಹತ್ತಿರ ಮಕ್ಕಳು ಹುಲಿ ನೋಡಲಿಕ್ಕೆ, ತಾರಾಲಯ ನೋಡಲಿಕ್ಕೆ ಹೋಗುವ ಜಾಗದ ಪೂರ್ತಿ ಹೆಸರು ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮ. ನಮ್ಮವರು ಪಿಲಿಕುಳ ಅಂತ ಹೇಳಿ ಮುಗಿಸುತ್ತಾರೆ, ಅದು ಬಿಡಿ.

ಅಕ್ಟೋಬರ್ 10 ಬಂತೆಂದರೆ ಎರಡೂ ಜಿಲ್ಲೆಗಳಲ್ಲಿ ಕಾರಂತರ ನೆನಪಿನ ಕಾರ್ಯಕ್ರಮಗಳು ಶುರುವಾಗುತ್ತವೆ. ಯಕ್ಷಗಾನ, ಕಾದಂಬರಿ, ಜ್ಞಾನಪೀಠ, ಮಕ್ಕಳ ಪ್ರೀತಿಯ ಕಾರಂತಜ್ಜ, ಎಲ್ಲ ಬರುತ್ತದೆ. ವಿದ್ಯುತ್ತು, ಕಾಡು, ಜಮೀನು ಇವುಗಳ ಬಗ್ಗೆ ಜನರ ಎದುರು ನಿಂತು ಲೆಕ್ಕ ಕೇಳಿದ ಕಾರಂತರು ಮಾತ್ರ ಹಾರ ತುರಾಯಿಯ ಹಿಂದೆ ಸ್ವಲ್ಪ ಮರೆಯಾಗುತ್ತಾರೆ.

ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಆಗ ಉಡುಪಿ ಜಿಲ್ಲೆ ಅಂತ ಇರಲಿಲ್ಲ. ಎಲ್ಲವೂ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ. ಕುಂದಾಪುರದಲ್ಲಿ ಹೈಸ್ಕೂಲು ಮುಗಿಸಿದ ಹುಡುಗ ಕಾಲೇಜಿಗೆಂದು ಮಂಗಳೂರಿಗೆ ಬಂದ. 1868ರಲ್ಲಿ ಶುರುವಾಗಿದ್ದ ಸರಕಾರಿ ಕಾಲೇಜು ಅದು. ಇವತ್ತಿನ ವಿಶ್ವವಿದ್ಯಾನಿಲಯ ಕಾಲೇಜು ಅದೇ.

ಆದರೆ ಕಾಲ ಬೇರೆ ಇತ್ತು. 1920ರ ಆಗಸ್ಟ್ 19ರಂದು ಗಾಂಧೀಜಿ ಮಂಗಳೂರಿಗೆ ಬಂದು ಹೋಗಿದ್ದರು. ಕಾರ್ನಾಡ್ ಸದಾಶಿವರಾಯರಂಥವರು ತಮ್ಮ ಆಸ್ತಿಯನ್ನೇ ಚಳವಳಿಗೆ ಸುರಿಯುತ್ತಿದ್ದರು. ಸರಕಾರಿ ಶಾಲೆ ಕಾಲೇಜು ಬಿಡಿ ಎಂಬ ಕರೆ ಬಂತು, ಬಹಳ ಹುಡುಗರು ಯೋಚನೆಯಲ್ಲಿ ಬಿದ್ದರು. ಶಿವರಾಮ ಬಿಟ್ಟೇ ಬಿಟ್ಟ. ಖಾದಿ ಹೊತ್ತು ಮಾರಿದ, ಊರೂರು ತಿರುಗಿದ, ಪಾನನಿಷೇಧದ ಪ್ರಚಾರ ಮಾಡಿದ. ಚಳವಳಿಯ ಬಿಸಿ ಆರಿದ ಮೇಲೆ ಕಾಲೇಜಿಗೆ ಮರಳಿದವರು ಎಷ್ಟೋ ಮಂದಿ. ಇವರು ತಿರುಗಿಯೂ ನೋಡಲಿಲ್ಲ. ಮುಂದೆ ಹಲವು ವಿಶ್ವವಿದ್ಯಾನಿಲಯಗಳು ತಾವಾಗಿಯೇ ಕರೆದು ಗೌರವ ಡಾಕ್ಟರೇಟ್ ಕೊಟ್ಟದ್ದು ಬೇರೆ ಕಥೆ.

ಊರು ತಿರುಗಿದ್ದು ವ್ಯರ್ಥ ಆಗಲಿಲ್ಲ. ಹೊಲದಲ್ಲಿ ಕೆಲಸ ಮಾಡುವವನಿಗೆ ಹೊಲ ಇಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡರು. 1933ರ ಚೋಮನ ದುಡಿ ಹುಟ್ಟಿದ್ದು ಅಲ್ಲಿಂದ. ಬೇಸಾಯಕ್ಕೆ ತುಂಡು ಭೂಮಿ ಬೇಕು ಅನ್ನುವ ಒಂದೇ ಆಸೆ ಚೋಮನದು, ಅದು ಕೈಗೂಡುವುದಿಲ್ಲ. ಆಮೇಲೆ ಬಂದ ಮರಳಿ ಮಣ್ಣಿಗೆ ಕಡಲ ಬದಿಯ ಮನೆತನವೊಂದರ ಮೂರು ತಲೆಮಾರಿನ ಕಥೆ. ಪಟ್ಟಣ ನೋಡಿ ಬಂದ ಹುಡುಗ ಕೊನೆಗೆ ಊರಿನ ಮಣ್ಣಿಗೆ ಬರುತ್ತಾನೆ. 1943ರ ಬೆಟ್ಟದ ಜೀವದಲ್ಲಿ ಕುಮಾರ ಪರ್ವತದ ಬುಡದಲ್ಲಿ ಕಾಡು ಕಡಿದು ಅಡಿಕೆ ತೋಟ ಮಾಡಿದ ಗೋಪಾಲಯ್ಯ ಬರುತ್ತಾರೆ. ಆನೆ, ಹುಲಿ, ಮಳೆ, ಎಲ್ಲದರ ಜೊತೆಗೆ ಗುದ್ದಾಡಿ ಬದುಕು ಕಟ್ಟಿದ ಮನುಷ್ಯ. ಕಾಡು ಕಡಿದವನ ಸಾಹಸವನ್ನು ಅಷ್ಟು ಪ್ರೀತಿಯಿಂದ ಬರೆದವರೇ ನಲವತ್ತು ವರ್ಷದ ನಂತರ ಕಾಡು ಉಳಿಸಲಿಕ್ಕೆ ಕೋರ್ಟು ಹತ್ತಿದರು. ಇದರಲ್ಲಿ ವಿರೋಧಾಭಾಸ ಹುಡುಕುವವರಿದ್ದಾರೆ. ಆದರೆ ಗೋಪಾಲಯ್ಯ ಕಡಿದದ್ದು ತನ್ನ ಎರಡು ಕೈಗೆ ಸಿಕ್ಕುವಷ್ಟು. ಒಂದು ಕಂಪೆನಿಗೋ ಸರಕಾರಕ್ಕೋ ಸಾವಿರಾರು ಎಕರೆ ಕೊಡುವುದು ಬೇರೆ ಲೆಕ್ಕ. ಕಾರಂತರಿಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು.

ನೆಲೆ ನಿಂತದ್ದು ಪುತ್ತೂರಿನಲ್ಲಿ. ಪರ್ಲಡ್ಕದ ಬಾಲವನದಲ್ಲಿ ಮಕ್ಕಳಿಗೆ ತಮ್ಮದೇ ರೀತಿಯ ಶಾಲೆಯ ಪ್ರಯೋಗ ನಡೆಸಿದರು. ನಾಟಕ, ಕುಣಿತ, ಚಿತ್ರ, ಗಿಡಮರ, ಎಲ್ಲವೂ ಪಾಠವೇ. ಪುತ್ತೂರಿನ ದಸರಾ ನಾಡಹಬ್ಬಕ್ಕೆ ಕನ್ನಡ ನಾಡಿನ ದೊಡ್ಡ ದೊಡ್ಡ ಬರಹಗಾರರು ಬಂದು ಭಾಷಣ ಮಾಡಿ ಹೋಗುತ್ತಿದ್ದರು. 1936ರಲ್ಲಿ ಲೀಲಾ ಆಳ್ವರ ಜೊತೆ ಮದುವೆ ಆಯಿತು. ಜಾತಿ ಮೀರಿದ ಮದುವೆ, ಆ ಕಾಲಕ್ಕೆ ಅದು ಸಣ್ಣ ಸುದ್ದಿ ಅಲ್ಲ.

ಅದೇ 1936ರಲ್ಲಿ ಬಾಲ ಪ್ರಪಂಚ ಬಂತು, ಮೂರು ಸಂಪುಟ. ಮಕ್ಕಳಿಗಾಗಿ ಬರೆದ ವಿಶ್ವಕೋಶ. ಪ್ರಾಣಿ, ಗಿಡ, ಯಂತ್ರ, ಭೂಮಿ, ಆಕಾಶ, ದೇಶ ವಿದೇಶ, ಎಲ್ಲ ಕನ್ನಡದಲ್ಲಿ, ಚಿತ್ರ ಸಮೇತ. ಇದು ಒಂದು ಸಂಸ್ಥೆಯ ಕೆಲಸ ಅಲ್ಲ, ಸಮಿತಿ ಇಲ್ಲ, ಅನುದಾನ ಇಲ್ಲ. ಪುತ್ತೂರಿನಲ್ಲಿ ಕೂತ ಒಬ್ಬ ಮನುಷ್ಯ ಓದಿ, ಬರೆದು, ಚಿತ್ರ ಹುಡುಕಿ ಮಾಡಿದ್ದು. ಐದು ವರ್ಷ ಕಳೆದು ಸಿರಿಗನ್ನಡ ಅರ್ಥಕೋಶ. ಆಮೇಲೆ ದೊಡ್ಡವರಿಗಾಗಿ ವಿಜ್ಞಾನ ಪ್ರಪಂಚ: ನಾಲ್ಕು ಸಂಪುಟಗಳು, 1959ರಿಂದ 1964ರ ತನಕ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಹೊರಗೆ ಬಂದದ್ದು 1969ರಲ್ಲಿ, ಅಲ್ಲಿ ವಿದ್ವಾಂಸರ ದಂಡೇ ಇತ್ತು. ಕಾರಂತರು ಒಬ್ಬರೇ ಅದಕ್ಕೂ ಮೊದಲೇ ಮುಗಿಸಿ ಕೂತಿದ್ದರು.

ಒಬ್ಬರೇ ಮಾಡಿದ ಕೆಲಸದಲ್ಲಿ ಕೊರತೆ ಇರುವುದು ಸಹಜ. ಪಾರಿಭಾಷಿಕ ಪದಗಳು ಅಲ್ಲಲ್ಲಿ ತೊಡಕು, ಕೆಲವು ಮಾಹಿತಿ ಈಗ ಹಳತಾಗಿದೆ. ಆದರೆ ಆ ಕಾಲದಲ್ಲಿ ಸುಳ್ಯದ, ಬೆಳ್ತಂಗಡಿಯ ಒಬ್ಬ ಕನ್ನಡ ಶಾಲೆಯ ಹುಡುಗನಿಗೆ ಪರಮಾಣು ಎಂದರೆ ಎಂತ, ಕರೆಂಟು ಹೇಗೆ ಹುಟ್ಟುತ್ತದೆ ಅಂತ ತಿಳಿಯಬೇಕಾದರೆ ಬೇರೆ ದಾರಿ ಯಾವುದಿತ್ತು? ಅಮೆರಿಕದ ರೇಚೆಲ್ ಕಾರ್ಸನ್ ಸಮುದ್ರದ ಬಗ್ಗೆ ಬರೆದ ಪುಸ್ತಕವನ್ನೂ ಅವರು ಕನ್ನಡಕ್ಕೆ ತಂದರು. ಮುಂದೆ ಕೀಟನಾಶಕಗಳ ಅಪಾಯದ ಬಗ್ಗೆ ಬರೆದು ಜಗತ್ತನ್ನು ಎಚ್ಚರಿಸಿದ ವಿಜ್ಞಾನಿ ಈ ಕಾರ್ಸನ್. ಕಡಲ ಮಗ್ಗುಲಲ್ಲೇ ಹುಟ್ಟಿದ ಕಾರಂತರಿಗೆ ಆ ಪುಸ್ತಕ ಹಿಡಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ಪ್ರಶಸ್ತಿಗಳ ಪಟ್ಟಿ ಎಲ್ಲರಿಗೂ ಗೊತ್ತಿದ್ದದ್ದೇ. ಯಕ್ಷಗಾನ ಬಯಲಾಟಕ್ಕೆ ಸಾಹಿತ್ಯ ಅಕಾಡೆಮಿ, 1968ರಲ್ಲಿ ಪದ್ಮಭೂಷಣ, ಮೂಕಜ್ಜಿಯ ಕನಸುಗಳಿಗೆ 1977ರ ಜ್ಞಾನಪೀಠ. ಇದರಲ್ಲಿ ಪದ್ಮಭೂಷಣವನ್ನು ತುರ್ತು ಪರಿಸ್ಥಿತಿ ಬಂದಾಗ ದೆಹಲಿಗೆ ವಾಪಸ್ ಮಾಡಿದರು. ಸರಕಾರ ಕೊಟ್ಟ ಮರ್ಯಾದೆ ತನ್ನ ಬಾಯಿ ಕಟ್ಟಬಾರದು ಎಂಬ ಹಟ ಅವರಿಗೆ ಇಪ್ಪತ್ತರ ವಯಸ್ಸಿನಲ್ಲೂ ಇತ್ತು, ಎಪ್ಪತ್ತು ದಾಟಿದ ಮೇಲೂ ಇತ್ತು.

ಎಪ್ಪತ್ತರ ದಶಕದಲ್ಲಿ ಪುತ್ತೂರು ಬಿಟ್ಟು ಹುಟ್ಟೂರಿನ ಬದಿಯ ಸಾಲಿಗ್ರಾಮಕ್ಕೆ ಬಂದರು. ಈ ವಯಸ್ಸಿನಲ್ಲಿ ಬೇರೆಯವರು ಮೊಮ್ಮಕ್ಕಳನ್ನು ಆಡಿಸಿಕೊಂಡು ಜಗಲಿಯಲ್ಲಿ ಕೂರುತ್ತಾರೆ. ಇವರು ಸುಮ್ಮನೆ ಕೂರುವ ಜನ ಅಲ್ಲ ಮಾರಾಯ್ರೆ.

ಕರ್ನಾಟಕದಲ್ಲಿ ಆಗ ವಿದ್ಯುತ್ ಯೋಜನೆಗಳ ಕಾಲ. ಉತ್ತರ ಕನ್ನಡದ ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಬಂತು, ಊರುಗಳು ಮುಳುಗಿದವು. ಬೇಡ್ತಿ ನದಿಗೂ ಯೋಜನೆ ಸಿದ್ಧ ಆಯ್ತು. ಅಡಿಕೆ, ಏಲಕ್ಕಿ, ಕಾಳುಮೆಣಸಿನ ತೋಟಗಳು ಹೋಗುತ್ತವೆ ಎಂದು ಗೊತ್ತಾದಾಗ ಶಿರಸಿಯ ತೋಟಗಾರರ ಸಹಕಾರಿ ಸಂಘ ಬರೀ ಧರಣಿ ಕೂರಲಿಲ್ಲ. 1981ರ ಜನವರಿಯಲ್ಲಿ ವಿಜ್ಞಾನಿಗಳನ್ನು, ಅರ್ಥಶಾಸ್ತ್ರಜ್ಞರನ್ನು, ಎಂಜಿನಿಯರುಗಳನ್ನು ಶಿರಸಿಗೇ ಕರೆಸಿ, ರೈತರ ಎದುರು ಕೂರಿಸಿ, ಯೋಜನೆಯ ಲಾಭ ನಷ್ಟದ ಲೆಕ್ಕ ಬಿಚ್ಚಿಸಿತು. ಯೋಜನೆ ಬದಿಗೆ ಸರಿಯಿತು. ವಿದ್ವಾಂಸರ ಸಭೆ ಅಂದರೆ ಹೀಗೂ ಇರಬಹುದು ಅಂತ ತೋರಿಸಿಕೊಟ್ಟ ಘಟನೆ ಅದು. ವಿಶ್ವವಿದ್ಯಾನಿಲಯ ಜನರನ್ನು ಕರೆಯಲಿಲ್ಲ, ಜನರೇ ವಿಶ್ವವಿದ್ಯಾನಿಲಯವನ್ನು ಕರೆದರು.

ಕಾರಂತರು ಇಳಿದದ್ದು ಇಂಥ ಕಣಕ್ಕೆ. ಮೊದಲು ನೆಲದ ವಿಷಯ. 1984ರಲ್ಲಿ ರಾಜ್ಯ ಸರಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪೆನಿ ಮಾಡಿತು. ರೇಯಾನ್ ನಾರಿಗೆ ಬೇಕಾದ ನೀಲಗಿರಿ ಮರ ಬೆಳೆಸಲಿಕ್ಕೆ ಸುಮಾರು 30,000 ಹೆಕ್ಟೇರ್ ಭೂಮಿ. ಅದರಲ್ಲಿ ಬಹುಪಾಲು ಹಳ್ಳಿಯವರು ದನ ಮೇಯಿಸುವ, ಸೌದೆ ತರುವ, ಸೊಪ್ಪು ಕಡಿಯುವ ಜಾಗ. ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿಗೆ ಹೋದರು, ಅರ್ಜಿದಾರರಲ್ಲಿ ಕಾರಂತರೂ ಒಬ್ಬರು. 1987ರ ಮಾರ್ಚಿನಲ್ಲಿ ತಡೆಯಾಜ್ಞೆ ಸಿಕ್ಕಿತು. ಅದೇ ವರ್ಷ ನವೆಂಬರಿನಲ್ಲಿ ಕುಸನೂರಿನಲ್ಲಿ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ: ಜನ ಕಂಪೆನಿಯ ನೀಲಗಿರಿ ಸಸಿ ಕಿತ್ತರು, ಊರಿಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಕಂಪೆನಿಯೇ ಮುಚ್ಚಿತು. ಇದು ಗೆದ್ದ ಹೋರಾಟ.

ಕೈಗಾ ಗೆಲ್ಲಲಿಲ್ಲ.

ಕಾರವಾರ ತಾಲೂಕಿನ ಕೈಗಾ ಇರುವುದು ಕಾಳಿ ನದಿಯ ದಂಡೆಯಲ್ಲಿ, ಘಟ್ಟದ ದಟ್ಟ ಕಾಡಿನ ನಡುವೆ. ಎಂಬತ್ತರ ದಶಕದ ನಡುವಿನಲ್ಲಿ ಅಲ್ಲಿ ಅಣುವಿದ್ಯುತ್ ಸ್ಥಾವರ ಬರುವುದು ಖಚಿತ ಆಯ್ತು. 1986ರ ಏಪ್ರಿಲಿನಲ್ಲಿ ಸೋವಿಯತ್ ದೇಶದ ಚೆರ್ನೋಬಿಲ್ ಸ್ಥಾವರ ಸ್ಫೋಟಿಸಿದಾಗ ಕರಾವಳಿಯಲ್ಲಿ ಭಯ ಹುಟ್ಟಿತು. ವಿಕಿರಣ ಅಂದರೆ ಎಂತ? ಗಾಳಿಯಲ್ಲಿ ಎಷ್ಟು ದೂರ ಬರುತ್ತದೆ? ಮೀನಿಗೆ ಸೇರುತ್ತದಾ? ಮೇಲಿನ ಅಣೆಕಟ್ಟು ಒಡೆದರೆ ಕೆಳಗಿನ ಸ್ಥಾವರದ ಗತಿ ಎಂತ? ಉಪಯೋಗಿಸಿದ ಇಂಧನದ ಕಸ ಎಲ್ಲಿ ಇಡುತ್ತಾರೆ? ಕೇಳುವವರು ಬಹಳ, ಕನ್ನಡದಲ್ಲಿ ಉತ್ತರ ಹೇಳುವವರು ಕಡಿಮೆ. 1962ರ ಅಣುಶಕ್ತಿ ಕಾಯ್ದೆಯಲ್ಲಿ ಮಾಹಿತಿ ಗುಟ್ಟಾಗಿ ಇಡುವ ಅಧಿಕಾರ ಸರಕಾರಕ್ಕೆ ಇದ್ದೇ ಇತ್ತು.

ಎಂಬತ್ತು ದಾಟಿದ ಕಾರಂತರು ಈ ಪ್ರಶ್ನೆಗಳನ್ನು ಎತ್ತಿಕೊಂಡು ಹೊರಟರು. ಸಭೆಗಳಲ್ಲಿ ಮಾತಾಡಿದರು, ಪತ್ರಿಕೆಗಳಲ್ಲಿ ಬರೆದರು. ಅವರು ಹೇಳುತ್ತಿದ್ದದ್ದು ಸರಳ. ಸಾವಿರಾರು ವರ್ಷ ಉಳಿಯುವ ಕಸವನ್ನು ಮಕ್ಕಳ ತಲೆಗೆ ಕಟ್ಟುವ ಹಕ್ಕು ಈ ತಲೆಮಾರಿಗೆ ಇಲ್ಲ. ಘಟ್ಟದ ಕಾಡು ಒಮ್ಮೆ ಹೋದರೆ ಹೋಯಿತು. ಊರಿನವರನ್ನು ಕೇಳದೆ ದೆಹಲಿಯಲ್ಲಿ ಕೂತು ಮಾಡುವ ತೀರ್ಮಾನ ತೀರ್ಮಾನವೇ ಅಲ್ಲ. ಅಣುವಿಜ್ಞಾನಿಗಳಿಗೆ ಇದು ಸಾಹಿತಿಯೊಬ್ಬರ ಭಾವುಕತೆ ಅಂತ ಕಂಡಿತು. ಬೈಯಲಿಕ್ಕೆ ಸುಲಭದ ಮಾತದು. ಆದರೆ ಪರಮಾಣುವಿನ ಒಳಗೆ ಏನುಂಟು ಅಂತ ಕನ್ನಡದ ಮಕ್ಕಳಿಗೆ ಬರೆದು ತಿಳಿಸಿದ ಮನುಷ್ಯನಿಗೆ ವಿಜ್ಞಾನ ಗೊತ್ತಿಲ್ಲ ಅಂತ ಹೇಳುವುದು ಕಷ್ಟ ಇತ್ತು. ಅವರು ವಿಜ್ಞಾನದ ವಿರೋಧಿ ಆಗಿರಲೂ ಇಲ್ಲ. ತಿಳಿದವರು ಜನರ ಭಾಷೆಯಲ್ಲಿ, ಜನರ ಎದುರು ಹೇಳಬೇಕು ಅನ್ನುವುದು ಅವರ ಜಗಳದ ಬೇರು.

1989ರಲ್ಲಿ ಕೈಗಾದಲ್ಲಿ ಕಾಂಕ್ರೀಟ್ ಬಿತ್ತು. ಅದೇ ವರ್ಷದ ಲೋಕಸಭಾ ಚುನಾವಣೆಗೆ 87ರ ಕಾರಂತರು ಉತ್ತರ ಕನ್ನಡದಿಂದ ನಿಂತರು. ಪಾರ್ಲಿಮೆಂಟಿಗೆ ಹೋಗುವ ಚಪಲ ಅದಲ್ಲ, ಪರಿಸರದ ಪ್ರಶ್ನೆ ಓಟಿನ ಕಟ್ಟೆಗೂ ಬರಲಿ ಎಂಬ ಲೆಕ್ಕ. ಕಾಂಗ್ರೆಸ್ಸಿನ ಜಿ. ದೇವರಾಯ ನಾಯ್ಕರು ಗೆದ್ದರು, ಕಾರಂತರು ಸೋತರು. ಲೀಲಾ ಅವರು ಅದಕ್ಕೂ ಮೂರು ವರ್ಷ ಮೊದಲೇ ತೀರಿಕೊಂಡಿದ್ದರು. ಸೋತ ಮುದುಕರು ಸಾಲಿಗ್ರಾಮಕ್ಕೆ ವಾಪಸ್ ಬಂದು ಮತ್ತೆ ಬರೆಯಲಿಕ್ಕೆ ಕೂತರು.

ಇತ್ತ ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿ ಹತ್ತು ವರ್ಷ ಆಗಿತ್ತು. 1980ರ ಸೆಪ್ಟೆಂಬರ್ 10ರಂದು ಶುರುವಾದ ಈ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದವರು 1991ರಿಂದ 1994ರ ತನಕ ಕರಾವಳಿ ಕರ್ನಾಟಕ, ಕೈಗಾ ಮತ್ತು ಗೋವಾದ ಮಣ್ಣು, ನೀರು, ಆಹಾರಗಳಲ್ಲಿ ಎಷ್ಟು ವಿಕಿರಣ ಉಂಟು ಅಂತ ಅಳೆದರು. ಸ್ಥಾವರ ಶುರುವಾಗುವ ಮೊದಲು ಎಷ್ಟಿತ್ತು ಅಂತ ಗೊತ್ತಿದ್ದರೆ ತಾನೇ ಆಮೇಲೆ ಹೆಚ್ಚಾಯಿತೋ ಇಲ್ಲವೋ ಹೇಳಲಿಕ್ಕೆ ಆಗುವುದು. ಒಳ್ಳೆಯ, ತಾಳ್ಮೆಯ ಕೆಲಸ ಅದು. ಇಂಥ ಅಳತೆಯ ಕೆಲಸದಲ್ಲೇ ನಮ್ಮ ಉಳ್ಳಾಲದ ಮರಳಿನ ಸಂಗತಿಯೂ ಹೊರಬಂತು. ಮೋನಜೈಟ್ ಖನಿಜ ಇರುವ ಕಾರಣ ಉಳ್ಳಾಲ ಕಡಲತೀರದ ಕೆಲವು ಕಡೆ ಸಹಜ ವಿಕಿರಣವೇ ಬೇರೆ ಕಡೆಗಿಂತ ಹೆಚ್ಚು. ಕೇರಳದ ಚವರದಲ್ಲಿ ಇರುವ ಹಾಗೆಯೇ. ಅದಕ್ಕೂ ಯಾವ ಸ್ಥಾವರಕ್ಕೂ ಸಂಬಂಧ ಇಲ್ಲ, ಅದು ಮರಳಿನ ಗುಣ.

ಈ ಫಲಿತಾಂಶ 1993ರಲ್ಲಿ ಅಮೆರಿಕದ ಹೆಲ್ತ್ ಫಿಸಿಕ್ಸ್ ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಬಂತು. ವಿಜ್ಞಾನಿಗಳು ಪ್ರಕಟಿಸಬೇಕಾದದ್ದು ಅಲ್ಲಿಯೇ, ಅದರಲ್ಲಿ ತಪ್ಪಿಲ್ಲ. ಆದರೆ ಉಳ್ಳಾಲದಲ್ಲಿ ಬಲೆ ಎಳೆಯುವವರಿಗೆ ತಮ್ಮ ಕಾಲಡಿಯ ಮರಳಿನ ಸುದ್ದಿ ಯಾವಾಗ, ಯಾವ ಭಾಷೆಯಲ್ಲಿ ತಲುಪಿತು? ಕಾರಂತರು ಬದುಕಿಡೀ ತುಂಬಲಿಕ್ಕೆ ನೋಡಿದ್ದು ಇದೇ ಕಂದಕವನ್ನು.

1994ರ ಮೇ 13ರಂದು ಕೈಗಾದ ಮೊದಲ ಘಟಕದ ಗುಮ್ಮಟದ ಒಳಭಾಗದ ಕಾಂಕ್ರೀಟ್ ಕಳಚಿ ಬಿತ್ತು. ಕೆಲಸಗಾರರಿಗೆ ಗಾಯ ಆಯ್ತು. ಇಂಧನ ತುಂಬುವ ಮೊದಲೇ ಆದದ್ದರಿಂದ ವಿಕಿರಣದ ಪ್ರಶ್ನೆ ಬರಲಿಲ್ಲ. ವಿನ್ಯಾಸ ತಿದ್ದಿ ಮತ್ತೆ ಕಟ್ಟಿದರು. ವಿರೋಧಿಸಿದವರಿಗೆ ತಮ್ಮ ಅನುಮಾನ ನಿಜ ಆಯ್ತು ಅನ್ನಿಸಿತು, ಕಟ್ಟಿದವರಿಗೆ ತಪ್ಪು ಸಮಯಕ್ಕೆ ಸಿಕ್ಕಿತು ಅನ್ನಿಸಿತು.

ಕಾರಂತರು ತೊಂಬತ್ತು ದಾಟಿದ ಮೇಲೂ ಹಕ್ಕಿಗಳ ಬಗ್ಗೆ ಪುಸ್ತಕ ಬರೆಯುತ್ತಾ ಇದ್ದರು. 1997ರ ಡಿಸೆಂಬರ್ 9ರಂದು ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ 95 ವರ್ಷ. ಅಂದು ಕೈಗಾದಿಂದ ಒಂದು ಯೂನಿಟ್ ಕರೆಂಟೂ ಹುಟ್ಟಿರಲಿಲ್ಲ. ಎರಡನೇ ಘಟಕ 2000ದ ಮಾರ್ಚಿನಲ್ಲಿ, ಮೊದಲನೆಯದು ಅದೇ ವರ್ಷದ ನವೆಂಬರಿನಲ್ಲಿ ವಾಣಿಜ್ಯ ಉತ್ಪಾದನೆ ಶುರು ಮಾಡಿದವು. ಈಗ ನಾಲ್ಕು ಘಟಕಗಳುಂಟು, ಒಂದೊಂದು 220 ಮೆಗಾವ್ಯಾಟ್. ಮೊದಲ ಘಟಕ 2018ರ ಕೊನೆಯ ತನಕ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಅದೇ ಕೈಗಾದಲ್ಲಿ 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಸೇರಿ ಕೆಲಸಗಾರರ ದೇಹದಲ್ಲಿ ಅದು ಪತ್ತೆಯಾದ ಘಟನೆಯೂ ನಡೆಯಿತು. ಚೆರ್ನೋಬಿಲ್‌ನಂಥದ್ದು ಆಗಲಿಲ್ಲ, ಕಾರಂತರ ಆ ಭಯ ಹುಸಿಯಾಯಿತು ಎಂದು ಹೇಳಬಹುದು. ಕಸದ ಪ್ರಶ್ನೆ ಹಾಗೇ ಉಳಿದಿದೆ.

ಇನ್ನೊಂದು ಸಂಗತಿ ಕಡಿಮೆ ಜನರಿಗೆ ಗೊತ್ತು. ಕೈಗಾಕ್ಕೆ ಜಾಗ ಗೊತ್ತು ಮಾಡಿದಾಗ ಊರಿನವರನ್ನು ಕರೆದು ಕೇಳಬೇಕು ಅಂತ ಕಾನೂನೇ ಇರಲಿಲ್ಲ. ಪರಿಸರ ಪರಿಣಾಮ ಅಧ್ಯಯನ ಕಡ್ಡಾಯ ಆದದ್ದು 1994ರ ಜನವರಿಯಲ್ಲಿ. ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು, ಯೋಜನೆಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು ಎಂಬ ನಿಯಮ ಸೇರಿದ್ದು 1997ರ ಏಪ್ರಿಲಿನಲ್ಲಿ, ಕಾರಂತರು ತೀರಿಕೊಳ್ಳುವ ಎಂಟು ತಿಂಗಳ ಮೊದಲು. ಇವತ್ತು ಬೈಕಂಪಾಡಿಯಲ್ಲೋ ಪಡುಬಿದ್ರಿಯ ಹತ್ತಿರವೋ ದೊಡ್ಡ ಕೈಗಾರಿಕೆ ಬರುವುದಿದ್ದರೆ ಪೆಂಡಾಲು ಹಾಕಿ, ಜಿಲ್ಲಾಧಿಕಾರಿಗಳ ಎದುರು ಜನ ಮೈಕ್ ಹಿಡಿದು ಮಾತಾಡುವುದು ಆ ನಿಯಮದಿಂದಾಗಿ.

ಕೈಗಾದ ಐದು ಮತ್ತು ಆರನೇ ಘಟಕಗಳು ತಲಾ 700 ಮೆಗಾವ್ಯಾಟಿನವು. ಅವುಗಳಿಗಾಗಿ 2018ರ ಡಿಸೆಂಬರಿನಲ್ಲಿ ಮಲ್ಲಾಪುರದಲ್ಲಿ ಅಹವಾಲು ಸಭೆ ನಡೆಯಿತು. ಸುತ್ತಮುತ್ತಲಿನ ಹಳ್ಳಿಯವರು ಬಂದರು, ವಿರೋಧವೂ ಜೋರಾಗಿಯೇ ಇತ್ತು. ಕಾರಂತರು 87ರಲ್ಲಿ ಓಟಿಗೆ ನಿಂತು ಕೇಳಬೇಕಾಗಿ ಬಂದ ಪ್ರಶ್ನೆಗಳನ್ನು ಅಲ್ಲಿ ಜನ ಸರದಿ ಪ್ರಕಾರ ಎದ್ದು ನಿಂತು, ಕನ್ನಡದಲ್ಲಿಯೇ ಕೇಳಿದರು.